ಹಿತವಾಗಿದೆ, ಮೇಡಂ

ನಮ್ಮ ಭಾವನ ಹಾಗೆ ಇನ್ನೊಬ್ಬರ ಕಷ್ಟಕ್ಕೆ ಕಿವಿಗೊಡುವವರು ಬೇರೆ ಯಾರೂ ಇಲ್ಲ ಎಂದು ಅವರ ಬೀದಿಗೆ ಬೀದಿಯೇ ಹೇಳುತ್ತಿತ್ತು. ಹಾಗೆ ಹೇಳುತ್ತಿದ್ದ ಕಾಲಕ್ಕೆ ಭಾವನಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಅದು ಬೀದಿಗೆ ಗೊತ್ತಿರಲಿಲ್ಲ, ಅವರ ಹೆಂಡತಿಯಾದ ನಮ್ಮ ಅಕ್ಕನಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾಗಲಿಲ್ಲವಲ್ಲ ಎಂಬುದೇ ನನ್ನ ಸಂಕಟ. ನಾನು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು, ಗಾಜಿನ ತೂತಿನ ಆಚೆ ಗೊಣಗುವ ಜನರ ಬಾಯಿಂದ ಊರು, ತಾರೀಕು ಹೆಕ್ಕಿ ತೆಗೆಯುವವಳು. ನನ್ನ ಕಣ್ಣಿಗೇ ಮಣ್ಣೆರಚಿದರು ಎಂದರೆ ಭಾವ ಎಂಥ ಆಸಾಮಿ ಎಂದು ನೀವೇ ಯೋಚಿಸಿ.

ಭಾವ ದುಡಿದದ್ದು ನೇಯ್ಗೆ ಗಿರಣಿಯಲ್ಲಿ. ಸೇರುವಾಗ ಮಗ್ಗದ ಕೆಲಸಗಾರ, ಬಿಡುವಾಗ ಮೇಸ್ತ್ರಿ. ಮಗ್ಗದ ಶೆಡ್ಡಿನೊಳಗೆ ಒಮ್ಮೆ ಕಾಲಿಟ್ಟವರಿಗೆ ಗೊತ್ತು, ಅಲ್ಲಿ ಮಾತು ಎಂಬುದು ನಡೆಯುವುದಿಲ್ಲ. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುವಾಗ ಒಬ್ಬ ಬಾಯಿ ಆಡಿಸುತ್ತಾನೆ, ಇನ್ನೊಬ್ಬ ತಲೆ ಆಡಿಸುತ್ತಾನೆ, ಅಲ್ಲಿಗೆ ಮಾತುಕತೆ ಮುಗಿಯಿತು. "ಏನಂದೆ?" ಎಂದು ತಿರುಗಿ ಕೇಳುವುದು ಹೊಸಬರ ಲಕ್ಷಣ. ಅನುಭವಸ್ಥನಾದವನು ತಲೆಯಾಡಿಸಿ ತನಗೆ ತೋಚಿದ್ದನ್ನು ಮಾಡುತ್ತಾನೆ. ತಪ್ಪಾಗಿದ್ದರೆ ಹೇಳಿದವನೇ ಬಂದು ಭುಜ ಹಿಡಿದು ತಿರುಗಿಸುತ್ತಾನೆ. ಈ ವಿದ್ಯೆಯಲ್ಲಿ ಭಾವ ಚೆನ್ನಾಗಿ ಪಳಗಿದರು. ಗಿರಣಿಯ ಗದ್ದಲ ಅವರ ಕಿವಿಯನ್ನು ಚೂರುಚೂರೇ ತಿಂದುಹಾಕಿತು; ಉಳಿದದ್ದನ್ನು ಅವರ ವಂಶದಲ್ಲೇ ಇದ್ದ ಕಿವುಡು ಮುಗಿಸಿತು. ಗಿರಣಿ ಬಿಟ್ಟ ಮೇಲೂ ತಲೆಯಾಡಿಸುವುದನ್ನು ಮಾತ್ರ ಅವರು ಬಿಡಲಿಲ್ಲ.

ಅದೂ ಅಂತಿಂಥ ತಲೆಯಾಡಿಸುವಿಕೆಯಲ್ಲ. ಎದುರಿನವರ ಮುಖ ಸಪ್ಪಗಾದರೆ ಇವರ ಹುಬ್ಬು ಗಂಟಾಗುತ್ತಿತ್ತು. ಅವರು ನಕ್ಕರೆ ಇವರ ಹೊಟ್ಟೆ ಕುಲುಕುತ್ತಿತ್ತು. ಅವರ ಬಾಯಿ ನಿಂತಿತು ಎನ್ನುವಾಗ ಸರಿಯಾಗಿ "ಹೂಂ, ಅದಕ್ಕೇನಂತೆ" ಎಂದುಬಿಡುತ್ತಿದ್ದರು. ಲೋಕದ ಮುಕ್ಕಾಲು ಪಾಲು ಮಾತಿಗೆ ಇಷ್ಟೇ ಉತ್ತರ ಸಾಕು ಎಂದು ನಾನು ಕಲಿತದ್ದು ಭಾವನಿಂದಲೇ. ಎದುರುಮನೆಯ ಅತ್ತೆ ಬಂದು ಸೊಸೆಯ ಮೇಲೆ ದೂರು ಹೇಳುತ್ತಿದ್ದಳು. ಅವಳು ಎದ್ದು ಹೋದ ಮೇಲೆ ಸೊಸೆ ಬಂದು ಅತ್ತೆಯ ಮೇಲೆ ದೂರು ಹೇಳುತ್ತಿದ್ದಳು. ಇಬ್ಬರಿಗೂ ಒಂದೊಂದು "ಹೂಂ, ಅದಕ್ಕೇನಂತೆ" ಸಿಗುತ್ತಿತ್ತು, ಇಬ್ಬರೂ ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಬೀದಿಯ ನಿವಾಸಿಗಳ ಸಂಘ ಎರಡು ಬಣವಾಗಿ, ಕುರ್ಚಿ ಎತ್ತುವ ಮಟ್ಟಕ್ಕೆ ಬಂದಾಗ ಎರಡೂ ಕಡೆಯವರು ಒಪ್ಪಿದ ಅಧ್ಯಕ್ಷರು ಇವರೊಬ್ಬರೇ. ಸಭೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ, ಎಲ್ಲರ ಮುಖವನ್ನೂ ಸಮನಾಗಿ ನೋಡುತ್ತಿದ್ದರು. ತೂಕದ ಮನುಷ್ಯ ಎಂದು ಜನ ಕೊಂಡಾಡಿದರು.

ನಮ್ಮ ಅಕ್ಕನದು ಇದಕ್ಕೆ ತದ್ವಿರುದ್ಧ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ, ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುವ ಗಟ್ಟಿಗಿತ್ತಿ. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಆಡುತ್ತಿದ್ದ ಜಗಳ ಕೇಳಬೇಕಿತ್ತು! ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬುದರಿಂದ ಶುರುವಾಗಿ ಎರಡೂ ಮನೆಯ ಮೂರು ತಲೆಮಾರಿನವರೆಗೆ ಹೋಗುತ್ತಿತ್ತು. ಆಮೇಲೆ ವರ್ಷ ಕಳೆದ ಹಾಗೆ ಭಾವ ತಿರುಗಿ ಮಾತಾಡುವುದು ಕಡಿಮೆಯಾಯಿತು. ವಯಸ್ಸಾದ ಮೇಲೆ ಮೆತ್ತಗಾದರು ಎಂದು ಅಕ್ಕ ಅಂದುಕೊಂಡಳು. ಕೇಳಿಸದ ಮಾತಿಗೆ ತಿರುಗಿ ಏನೆಂದು ಮಾತಾಡಿಯಾರು, ಪಾಪ.

ಅವರ ಮಗಳ ಮದುವೆ ಮುಗಿದು, ನೆಂಟರೆಲ್ಲ ಹೊರಟು, ಮನೆ ಭಣಗುಡುತ್ತಿದ್ದ ಒಂದು ಸಂಜೆ. ಅಕ್ಕ ಭಾವನ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದಳಂತೆ, ಭಾವ ಎದುರಿಗೇ ಕುರ್ಚಿಯಲ್ಲಿದ್ದರಂತೆ. ಏನನ್ನಿಸಿತೋ ಏನೋ, ಅಕ್ಕ ಕೇಳಿದಳು:

"ರೀ, ಇನ್ನೊಂದ್ಸಲ ಅವಕಾಶ ಸಿಕ್ಕಿದ್ರೆ ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಮದುವೆ ಆಗ್ತಿದ್ರಾ?"

ಭಾವ ಅವಳ ಮುಖ ನೋಡಿದರು. ಅವಳು ಸ್ವಲ್ಪ ನಗುತ್ತಿದ್ದಳು. ಇವರೂ ಬಾಯಿ ತುಂಬ ನಕ್ಕು, ತಲೆಯಾಡಿಸಿ, "ಹೂಂ, ಅದಕ್ಕೇನಂತೆ" ಎಂದರು.

ಅಕ್ಕ ಗುಂಡಿ ಹಾಕಿ ಮುಗಿಸಿದಳು, ದಾರ ಕಡಿದಳು, ಅಂಗಿ ಮಡಚಿಟ್ಟಳು. ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ಜಗಳವೆಂಬುದು ನಿಂತೇಹೋಯಿತು. ಬೇಡವಾದವಳು ಯಾವ ಹಕ್ಕಿನಿಂದ ಜಗಳ ಆಡುವುದು ಎಂದು ಅವಳ ಲೆಕ್ಕ. ನೆಂಟರಿಷ್ಟರು ಮಾತ್ರ ಗಂಡಹೆಂಡತಿ ಎಂದರೆ ಹೀಗಿರಬೇಕು, ಒಂದು ದಿನ ದನಿ ಏರಿಸಿದ್ದು ಕೇಳಿಲ್ಲ ಎಂದು ತಮ್ಮ ಮಕ್ಕಳಿಗೆ ಇವರನ್ನು ತೋರಿಸಿ ಬುದ್ಧಿ ಹೇಳಿದರು. ನನಗೂ ಆಗ ಒಳಗಿನ ಸುದ್ದಿ ಗೊತ್ತಿರಲಿಲ್ಲ. ನಾನೂ ಹೌದೌದು ಎಂದೆ.

ಕಿವುಡು ಬಯಲಾದದ್ದು ಮಂಡಿನೋವಿನಿಂದ. ಭಾವನನ್ನು ಕರೆದುಕೊಂಡು ಅಕ್ಕ ಡಾಕ್ಟರ ಹತ್ತಿರ ಹೋಗಿದ್ದಳು, ಜೊತೆಗೆ ನಾನೂ ಇದ್ದೆ. ಡಾಕ್ಟರು ಯಾವಾಗಿನಿಂದ ನೋವು ಎಂದು ಕೇಳಿದರು. "ಹೂಂ" ಎಂದರು ಭಾವ. ಮೆಟ್ಟಿಲು ಹತ್ತುವಾಗ ಜಾಸ್ತಿಯೋ ಇಳಿಯುವಾಗ ಜಾಸ್ತಿಯೋ? "ಹೂಂ." ಡಾಕ್ಟರು ಪೆನ್ನು ಕೆಳಗಿಟ್ಟು, ಮುಖದಲ್ಲಿ ನಗು ತಂದುಕೊಂಡು, "ಹಾಗಾದ್ರೆ ಕಾಲು ಕತ್ತರಿಸಿ ಹಾಕೋಣ್ವಾ ಯಜಮಾನ್ರೇ?" ಎಂದರು.

"ಹೂಂ, ಅದಕ್ಕೇನಂತೆ" ಎಂದು ಭಾವ ನಕ್ಕರು.

ನಾನೂ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಡಾಕ್ಟರು ಕಿವಿಯ ಪರೀಕ್ಷೆಗೆ ಬರೆದುಕೊಟ್ಟರು. ಕಿವಿಯ ಪರೀಕ್ಷೆ ಮುಗಿದು, ಇವರಿಗೆ ಕೇಳಿಸುವುದು ನಿಂತು ವರ್ಷಗಳೇ ಆಗಿವೆ ಎಂದು ಹೇಳಿಸಿಕೊಂಡು ಹೊರಗೆ ಬಂದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಆ ಸಂಜೆಯ ವಿಷಯ ಹೇಳಿದಳು.

"ಹಾಗಾದ್ರೆ ಆವತ್ತು ಕೇಳಿಸಿತ್ತೋ ಇಲ್ವೋ ಕಣೇ?" ಎಂದಳು. "ಕೇಳಿಸಿಯೇ ಹೂಂ ಅಂದ್ರಾ, ಸುಮ್ನೆ ಅಂದ್ರಾ?"

"ಅಯ್ಯೋ ಪುಣ್ಯಾತ್ಗಿತ್ತಿ, ಇಷ್ಟು ವರ್ಷ ಇದನ್ನ ಹೊಟ್ಟೆಯಲ್ಲಿ ಇಟ್ಕೊಂಡು ಕೂತಿದ್ದೀಯಾ? ಒಂದು ಚೀಟಿಯಲ್ಲಿ ಬರೆದು ಕೊಟ್ಟು ಕೇಳ್ಬಿಡು" ಎಂದೆ.

"ಬರೆದು ಕೇಳೋ ಮಾತಾ ಅದು? ಕನ್ನಡಕ ಹಾಕ್ಕೊಂಡು, ಎರಡು ಸಲ ಓದಿ, ನನ್ನ ಮನಸ್ಸಿಗೆ ನೋವಾಗದ ಹಾಗೆ ಯೋಚನೆ ಮಾಡಿ ಉತ್ತರ ಹೇಳ್ತಾರೆ. ನನಗೆ ಅದು ಬೇಡ. ಕಿವಿಗೆ ಬಿದ್ದ ಕೂಡಲೇ ಬಾಯಿಗೆ ಏನು ಬರುತ್ತೋ ಅದು ಬೇಕು."

ಮೊದಲು ಕಿವಿಯ ಮಿಷನ್ನು ಹಾಕಿ ನೋಡಿದರು. ಅದು ಶಬ್ದವನ್ನು ದೊಡ್ಡದು ಮಾಡಿ ಕಿವಿಗೆ ಕಳಿಸುವುದು. ಒಳಗೆ ತೆಗೆದುಕೊಳ್ಳುವವರೇ ಇಲ್ಲದ ಮೇಲೆ ಎಷ್ಟು ದೊಡ್ಡದು ಮಾಡಿ ಏನು ಬಂತು? ಕೊನೆಗೆ ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್ ಎಂದರು. ಆಪರೇಷನ್ ಮಾಡಿ ಕಿವಿಯ ಒಳಗಿನ ಶಂಖದಂಥ ಭಾಗಕ್ಕೆ ಸಣ್ಣದೊಂದು ತಂತಿ ಇಳಿಸುತ್ತಾರೆ. ಹೊರಗೆ ಕಿವಿಯ ಹಿಂದೆ ಒಂದು ಯಂತ್ರ, ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಬಿಲ್ಲೆ. ಯಂತ್ರ ಹಿಡಿದ ಶಬ್ದ ಆ ತಂತಿಯ ಮೂಲಕ ನೇರವಾಗಿ ನರಕ್ಕೆ ಹೋಗುತ್ತದೆ. ಭಾವ ಈ ವಯಸ್ಸಿಗೆ ಯಾಕೆ ಎಂದು ಹಿಂದೆ ಸರಿದರು, ಮಗಳೂ ಹಿಂದೆಮುಂದೆ ನೋಡಿದಳು. ಅಕ್ಕ ಹಟ ಹಿಡಿದು ಮಾಡಿಸಿದಳು. ಗಂಡನ ಮೇಲೆ ಎಂಥ ಪ್ರೀತಿ ಎಂದು ಬೀದಿಯವರು ಕಣ್ಣು ಒರೆಸಿಕೊಂಡರು. ಪ್ರೀತಿಯೇನೋ ಸರಿ, ಆದರೆ ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಗಾಯ ಒಣಗಿದ ಮೇಲೆ ಯಂತ್ರ ಚಾಲೂ ಮಾಡುವ ದಿನ ಬಂತು. ಅದನ್ನು ಮಾಡುವವರು ಆಡಿಯಾಲಜಿಸ್ಟ್ ಮೇಡಂ. ಅಕ್ಕನ ಮಗಳ ವಯಸ್ಸಿನ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಆ ಪುಟ್ಟ ಕೋಣೆಗೆ ನೆಂಟರೆಲ್ಲ ನುಗ್ಗಿ ಫೋನು ಎತ್ತಿ ಹಿಡಿದು ನಿಂತಿದ್ದರು. ಇಂಥ ಸಂದರ್ಭದಲ್ಲಿ ಜನ ಬಿಕ್ಕಿಬಿಕ್ಕಿ ಅಳುವ ವಿಡಿಯೋ ಎಲ್ಲರೂ ನೋಡಿದ್ದೇ. ಮೇಡಂ ಗುಂಡಿ ಒತ್ತಿದರು. ಭಾವ ಒಮ್ಮೆ ಬೆಚ್ಚಿದರು. "ಕೇಳಿಸ್ತಾ? ಕೇಳಿಸ್ತಾ?" ಎಂದು ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಭಾವ ಎಲ್ಲರ ಮುಖ ನೋಡಿ, ಎಲ್ಲರಿಗೂ ಏನು ಬೇಕಾಗಿದೆ ಎಂದು ತಿಳಿದು, ಕಣ್ಣಲ್ಲಿ ನೀರು ತಂದುಕೊಂಡು "ಹೂಂ, ಹೂಂ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಆ ನೀರು ತಲೆಯೊಳಗೆ ತಗಡು ಬಡಿದಂಥ ನೋವಿಗೆ ಬಂದದ್ದು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಆಮೇಲೆ ಮ್ಯಾಪಿಂಗ್ ಶುರುವಾಯಿತು. ಯಂತ್ರವನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ತಂತಿಯ ಒಂದೊಂದು ಬಿಂದುವಿಗೂ ಸಣ್ಣ ಶಬ್ದ ಕಳಿಸಿ, ಎಷ್ಟು ಸಣ್ಣದು ಕೇಳಿಸುತ್ತದೆ, ಎಷ್ಟು ದೊಡ್ಡದು ತಡೆಯಬಹುದು ಎಂದು ಹುಡುಕಿ ಹೊಂದಿಸುವ ಕೆಲಸ ಅದು. ಭಾವನ ಮುಂದೆ ಒಂದು ಹಲಗೆ ಇಟ್ಟಿರುತ್ತಿದ್ದರು. ಅದರಲ್ಲಿ ಕೆಳಗಿನಿಂದ ಮೇಲಕ್ಕೆ "ಏನೂ ಇಲ್ಲ", "ಸಣ್ಣಗೆ", "ಹಿತ", "ಜೋರು", "ತಡೆಯಲಾಗದು" ಎಂದು ಬರೆದಿತ್ತು. ಶಬ್ದ ಬಂದಾಗ ಬೆರಳಿಟ್ಟು ತೋರಿಸಬೇಕು. ಭಾವ ಪ್ರತಿಸಲವೂ ಹಿತದ ಮೇಲೆ ಬೆರಳಿಟ್ಟು, ಬಾಯಲ್ಲೂ "ಹಿತವಾಗಿದೆ, ಮೇಡಂ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೂ ಹಾಗೇ. ಚೆನ್ನಾಗಿ ಕೇಳಿಸುತ್ತಾ ಎಂದರೆ ಹೂಂ, ಫೋನಿನಲ್ಲಿ ಮಗಳ ದನಿ ಗೊತ್ತಾಯಿತಾ ಎಂದರೆ ಹೂಂ. ಚಮಚ ಕೆಳಗೆ ಬಿದ್ದರೆ ಮಾತ್ರ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಅಕ್ಕ ಎರಡು ಸಲ ಮ್ಯಾಪಿಂಗ್ ಆಗುವವರೆಗೂ ತಡೆದಳು. ಆಮೇಲೊಂದು ದಿನ ಮಧ್ಯಾಹ್ನ ನನ್ನ ಕೌಂಟರಿನ ಮುಂದೆ, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ ಗಾಜಿನ ತೂತಿಗೆ ಬಾಯಿಟ್ಟು, "ಕೇಳಿದೆ ಕಣೇ" ಎಂದಳು.

"ಏನಂದ್ರು?"

"ಅದೇ. ಹೂಂ, ಅದಕ್ಕೇನಂತೆ, ಅಂದ್ರು. ಯಂತ್ರ ಹಾಕ್ಕೊಂಡೇ ಇದ್ರು. ಅದರ ಲೈಟೂ ಉರೀತಿತ್ತು." ಹಿಂದಿನವರು ಬೇಗ ಬೇಗ ಎಂದು ತಳ್ಳುತ್ತಿದ್ದರು. "ಈಗಂತೂ ಅನುಮಾನ ಉಳೀಲಿಲ್ಲ ಅಲ್ವಾ?" ಎಂದು ಅವಳು ಪಕ್ಕಕ್ಕೆ ಸರಿದು ಹೊರಟೇಹೋದಳು.

ನನಗೆ ನಖಶಿಖಾಂತ ಉರಿಯಿತು. ಅವಳು ಹೊಲಿದ ಅಂಗಿ ತೊಟ್ಟುಕೊಂಡು, ಅವಳೇ ಹಟ ಹಿಡಿದು ಹಾಕಿಸಿದ ಯಂತ್ರ ತಲೆಗೆ ಅಂಟಿಸಿಕೊಂಡು, ಮುಖಕ್ಕೆ ಹೊಡೆದ ಹಾಗೆ ಹೂಂ ಎನ್ನುವುದೆಂದರೆ! ಮುಂದಿನ ಮ್ಯಾಪಿಂಗಿಗೆ ನಾನು ರಜೆ ಹಾಕಿ ಜೊತೆಗೆ ಹೋದೆ. ಭಾವನನ್ನು ನಾಲ್ಕು ಜನರ ಮುಂದೆ ತರಾಟೆಗೆ ತೆಗೆದುಕೊಳ್ಳಬೇಕು ಎಂಬುದೇ ನನ್ನ ಉದ್ದೇಶವಾಗಿತ್ತು. ಅಕ್ಕ ಬೇಡ ಬೇಡ ಎಂದು ನನ್ನ ಸೆರಗು ಜಗ್ಗುತ್ತಿದ್ದಳು.

ಅಷ್ಟರಲ್ಲಿ ಮೇಡಂಗೇ ಏನೋ ಅನುಮಾನ ಬಂದಿತ್ತು. ಶಬ್ದಗಳೆಲ್ಲ ಹಿತವಂತೆ, ಆದರೆ ಒಂದು ಸುಲಭದ ಪದ ಕೊಟ್ಟರೆ ತಿರುಗಿ ಹೇಳಲು ಬರುವುದಿಲ್ಲ. ಅಂದು ಅವರು ಕೇಬಲ್ ಜೋಡಿಸಿ ಕೆಲಸ ಶುರುಮಾಡಿದರು. ಶಬ್ದ ಕಳಿಸಿ ಹುಬ್ಬೇರಿಸುತ್ತಿದ್ದರು, ಭಾವ ಹಿತ ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮೇಡಂ ಏನೂ ಒತ್ತದೆ, ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು, ಸುಮ್ಮನೆ ಹುಬ್ಬೇರಿಸಿದರು.

"ಹಿತವಾಗಿದೆ, ಮೇಡಂ."

ಮೇಡಂ ಮೇಜಿನ ಕೆಳಗೆ ಕೈ ಹಾಕಿ ಕಂಪ್ಯೂಟರಿನ ಕಡೆಯಿಂದ ಕೇಬಲ್ಲನ್ನೇ ಕಿತ್ತರು. ಅದರ ತುದಿಯನ್ನು ಮಡಿಲಲ್ಲಿ ಹಿಡಿದುಕೊಂಡು ಮತ್ತೆ ಹುಬ್ಬೇರಿಸಿದರು.

"ತುಂಬಾ ಹಿತವಾಗಿದೆ" ಎಂದರು ಭಾವ, ಉತ್ಸಾಹದಿಂದ.

ಮೇಡಂ ಕೇಬಲ್ಲಿನ ತುದಿ ಎತ್ತಿ ಅವರ ಮೂಗಿನ ಮುಂದೆ ಹಿಡಿದರು. ಭಾವನ ಮುಖ ನೋಡಲಾಗುತ್ತಿರಲಿಲ್ಲ. ಅವರನ್ನು ಬೈಯಲೆಂದು ತಯಾರಿಸಿಕೊಂಡು ಬಂದಿದ್ದ ಮಾತನ್ನೆಲ್ಲ ನಾನು ಅಲ್ಲೇ ಕೈಬಿಟ್ಟೆ. ಮೇಡಂ ಕಾಗದದ ಮೇಲೆ ಬರೆದು ಕೇಳಿದರು, ಯಾಕೆ ಸರ್ ಹೀಗೆ ಮಾಡಿದಿರಿ ಎಂದು.

"ನೀವು ಪಾಪ ಅಷ್ಟು ಕಷ್ಟಪಡ್ತಿದ್ರಿ" ಎಂದರು ಭಾವ, ಅಗತ್ಯಕ್ಕಿಂತ ಜೋರಾಗಿ; ತನ್ನ ದನಿ ತನಗೇ ಕೇಳದವರು ಹಾಗೇ ಮಾತಾಡುವುದು. "ಇವಳೂ ಆಸೆಯಿಂದ ಕಾಯ್ತಿದ್ಳು. ಸರಿಯಿಲ್ಲ ಅಂತ ಹೇಳೋಕೆ ನಾಲಿಗೆ ಬರಲಿಲ್ಲ. ಕೇಳಿಸುತ್ತೆ, ಇಲ್ಲ ಅಂತಲ್ಲ. ಎಲ್ಲರೂ ಖಾಲಿ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತೆ. ಒಂದು ಮಾತೂ ಬಿಡಿಸಿ ಗೊತ್ತಾಗಲ್ಲ. ಯಾರದು ಯಾವ ದನಿ ಅಂತಾನೂ ಗೊತ್ತಾಗಲ್ಲ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಅಂದರೆ ಮೊನ್ನೆಯ ಹೂಂ ಕೂಡ ಲೆಕ್ಕಕ್ಕಿಲ್ಲ! ಗಂಡನಿಗೆ ಏನೂ ಕೇಳಿಸುವುದಿಲ್ಲ ಎಂದು ತಿಳಿದು ಅಷ್ಟು ಖುಷಿಪಟ್ಟ ಹೆಂಗಸನ್ನು ಆ ಆಸ್ಪತ್ರೆ ಮುಂಚೆ ಕಂಡಿರಲಾರದು.

ಮೇಡಂ ಹಳೆಯದನ್ನೆಲ್ಲ ಅಳಿಸಿಹಾಕಿ ಮೊದಲಿನಿಂದ ಶುರುಮಾಡಿದರು. ಹಲಗೆಯ ಮೇಲಿದ್ದ "ಹಿತ"ಕ್ಕೆ ಅಂಟುಪಟ್ಟಿ ಹಚ್ಚಿ ಮುಚ್ಚಿಬಿಟ್ಟರು. ಇನ್ನು ಮೇಲೆ ಉಳಿದ ನಾಲ್ಕರಲ್ಲೇ ಉತ್ತರ ಹೇಳಬೇಕು. ಭಾವನ ಬೆರಳು ಅಭ್ಯಾಸಬಲದಿಂದ ಆ ಅಂಟುಪಟ್ಟಿಯ ಮೇಲೆ ಹೋಗಿ ಹೋಗಿ ವಾಪಸ್ಸು ಬರುತ್ತಿತ್ತು. ಪಾಪ, ಸತ್ಯ ಹೇಳಲು ಅಷ್ಟು ತಿಣುಕಿದ ಮನುಷ್ಯನನ್ನು ನಾನು ನೋಡಿಲ್ಲ. ಒಂದು ಶಬ್ದವನ್ನು ಮೇಡಂ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದರು. ಭಾವ ತುಟಿ ಕಚ್ಚಿದರು, ಕುರ್ಚಿಯ ಕೈ ಹಿಡಿದರು, ಹಣೆಯಲ್ಲಿ ಬೆವರೊಡೆಯಿತು. ಕೊನೆಗೆ ತಡೆಯಲಾರದೆ, "ಸಾಕು ನಿಲ್ಲಿಸ್ರೀ! ತಲೆ ಸೀಳಿ ಹೋಗ್ತಿದೆ!" ಎಂದು ಕೂಗಿದರು.

ಮೇಡಂ ಕುಣಿದಾಡುವುದೊಂದು ಬಾಕಿ. ಅವರ ಮೇಲೆ ಯಾರಾದರೂ ಕೂಗಾಡಿದ್ದಕ್ಕೆ ಅವರು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು. ಹೊರಡುವ ಮುಂಚೆ ಅವರು ಭಾವನಿಗೆ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟ ಔಷಧಿ ಒಂದೇ: ಮನೆಯಲ್ಲೂ ಹೊರಗೂ, ಗೊತ್ತಾಗದ ಮಾತಿಗೆ ಹೂಂ ಅನ್ನುವಂತಿಲ್ಲ.

ಆಮೇಲೆ ವಾರದಿಂದ ವಾರಕ್ಕೆ ಕಿವಿ ಕುದುರಿತು. ಮೊದಲು ಡಬ್ಬದೊಳಗಿನ ಗದ್ದಲದಿಂದ ಮಾತು ಬೇರೆ, ಸದ್ದು ಬೇರೆ ಆಯಿತು. ಆಮೇಲೆ ಗಂಡಸಿನ ದನಿ, ಹೆಂಗಸಿನ ದನಿ ಬೇರೆಯಾದವು. ಚೂಪಾಗಿ ಇರಿಯುತ್ತಿದ್ದ ಸದ್ದನ್ನು ಮೇಡಂ ತಗ್ಗಿಸಿದರು, ಹೂತುಹೋಗಿದ್ದ ದನಿಯನ್ನು ಎತ್ತಿದರು. ಬೀದಿಗೆ ಒಂದು, ಮನೆಗೆ ಒಂದು ಎಂದು ಬೇರೆ ಬೇರೆ ಹೊಂದಾಣಿಕೆ ಮಾಡಿಕೊಟ್ಟರು. ಒಂದು ದಿನ ನಾನೂ ಅಕ್ಕನೂ ಅಡಿಗೆಮನೆಯಲ್ಲಿ ಮಾತಾಡುತ್ತಿದ್ದಾಗ ಭಾವ ಒಳಗೆ ಬಂದು, "ನಿಮ್ಮಿಬ್ಬರ ದನಿ ಒಂದೇ ಥರ ಇಲ್ಲ. ನಿಂದು ಒರಟು" ಎಂದು ನನಗೇ ಹೇಳಿದರು. ಇದಕ್ಕೋಸ್ಕರ ನಾನು ರಜೆ ಹಾಕಿ ಓಡಾಡಿದ್ದು.

ಬೀದಿಗಂತೂ ಗ್ರಹಣ ಹಿಡಿಯಿತು. ಎದುರುಮನೆಯ ಅತ್ತೆ ಬಂದು ಎಂದಿನಂತೆ ಸೊಸೆಯ ಪುರಾಣ ಬಿಚ್ಚಿದಳು. ಭಾವ ಮೂರು ಸಲ "ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳಿ" ಎಂದು ಹೇಳಿಸಿ, ಪೂರ್ತಿ ಅರ್ಥ ಮಾಡಿಕೊಂಡು, "ಇದರಲ್ಲಿ ತಪ್ಪು ನಿಮ್ಮದೇ ಅಲ್ವಾ?" ಎಂದುಬಿಟ್ಟರು. ಅವಳು ಆ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಸೊಸೆ ಕುಣಿಯುತ್ತ ಬಂದಳು. ಅವಳಿಗೂ ಅದೇ ಪ್ರಸಾದ ಸಿಕ್ಕಿತು. ಸಂಘದ ಸಭೆಯಲ್ಲಿ ಅಧ್ಯಕ್ಷರು ಮೊಟ್ಟಮೊದಲ ಬಾರಿಗೆ ಬಾಯಿ ತೆರೆದು, ಎರಡೂ ಬಣದ ಮಾತಿಗೂ ತಲೆಬುಡವಿಲ್ಲ ಎಂದು ಬಿಡಿಸಿ ಹೇಳಿದರು. ಎರಡೂ ಬಣದವರು ಆ ದಿನವೇ ರಾಜಿಯಾಗಿ, ಒಮ್ಮತದಿಂದ ಅವರನ್ನು ಕೆಳಗಿಳಿಸಿದರು. ಕಿವಿ ಬಂದ ಮೇಲೆ ಮನುಷ್ಯ ಕೆಟ್ಟುಹೋದ, ಮೊದಲಿನ ಹಾಗೆ ಕೇಳಿಸಿಕೊಳ್ಳುವುದಿಲ್ಲ ಎಂದು ಬೀದಿಯಲ್ಲಿ ಮಾತಾಯಿತು.

"ಈಗ ಕೇಳು ಅಕ್ಕ" ಎಂದೆ ನಾನು. "ಈಗಂತೂ ಗುಂಡು ಹೊಡೆದ ಹಾಗೆ ಹೇಳ್ತಾರೆ."

"ಅದಕ್ಕೇ ಭಯ ಕಣೇ" ಎಂದಳು. "ಮೊದಲು ಹೂಂ ಅಂದ್ರೆ ಕೇಳಿಸಿರಲಿಕ್ಕಿಲ್ಲ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಈಗ ಹೂಂ ಅಂದ್ರೆ ಹೂಂ ಅಂತಲೇ."

ನನ್ನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಅಕ್ಕನಿಗೆ ಅದು ಆಗಾಗ ಸಾಧ್ಯವಾಗುತ್ತದೆ.

ವರ್ಷದ ಕೊನೆಯ ಪರೀಕ್ಷೆಯ ದಿನ ಬಂತು. ಹೊಂದಾಣಿಕೆ ಗಟ್ಟಿಯಾಯಿತೋ ಇಲ್ಲವೋ ಎಂದು ನೋಡಿ ರಿಪೋರ್ಟು ಕೊಡುವುದು ಅವತ್ತು. ಪರಿಚಯದ ದನಿಯಲ್ಲಿ ನೋಡೋಣ ಎಂದು ಮೇಡಂ ಅಕ್ಕನ ಕೈಗೆ ಹತ್ತು ವಾಕ್ಯಗಳಿದ್ದ ಒಂದು ಹಾಳೆ ಕೊಟ್ಟರು. ಭಾವ ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಅಕ್ಕ ಬೆನ್ನ ಹಿಂದೆ ಕೂತು ಓದಬೇಕು. ಭಾವ ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಹೇಳಬೇಕು.

"ಅರ್ಥ ಹೇಳೋದು, ಉತ್ತರ ಕೊಡೋದು ಏನೂ ಬೇಡ ಸರ್. ತಿರುಗಿ ನೋಡಲೂಬಾರದು. ಕಿವಿಗೆ ಬಿದ್ದದ್ದನ್ನ ಹೇಳಿದ್ರೆ ಸಾಕು" ಎಂದರು ಮೇಡಂ.

"ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ" ಎಂದು ಅಕ್ಕ ಓದಿದಳು.

"ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ" ಎಂದರು ಭಾವ. ಮೇಡಂ ಗುರುತು ಹಾಕಿಕೊಂಡರು.

"ಕೊಡೆ ತರಲು ಮರೆತು ನೆನೆದು ಬಂದೆ." ಅದೂ ಸರಿ. "ಮೂಲೆಯ ಮನೆಗೆ ಹೊಸ ಬಣ್ಣ ಬಳಿದಿದ್ದಾರೆ." ಸರಿ. ಎಂಟು ವಾಕ್ಯ ಒಂದರ ಹಿಂದೊಂದು ಸರಾಗವಾಗಿ ಹೋದವು. ಬರೆದವರು ಯಾರೋ, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಭಾವ ಸ್ಕೂಲಿನ ಹುಡುಗರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಒಂಬತ್ತನೆಯದಕ್ಕೆ ಅಕ್ಕ ತಡೆದಳು. ಹಾಳೆ ಅವಳ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಹಾಳೆಯ ಮೇಲಿರಲಿಲ್ಲ. ಭಾವನ ಹಿಂದಲೆಯನ್ನು, ಕೂದಲ ನಡುವೆ ಅಂಟಿಕೊಂಡಿದ್ದ ಆ ಬಿಲ್ಲೆಯನ್ನು ನೋಡುತ್ತಿದ್ದಳು.

"ಇನ್ನೊಂದ್ಸಲ ಅವಕಾಶ ಸಿಕ್ಕಿದ್ರೆ ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಮದುವೆ ಆಗ್ತಿದ್ರಾ?"

ಮೇಡಂ ತಮ್ಮ ಪ್ರತಿಯನ್ನು ನೋಡಿದರು, ತಲೆ ಎತ್ತಿದರು. ನಾನು ಅವರಿಗೆ ಕೈ ಅಡ್ಡ ಹಿಡಿದೆ. ಭಾವ ಗೋಡೆ ನೋಡುತ್ತಲೇ, ಒಂದೊಂದೇ ಮಾತನ್ನು ಇಟ್ಟ ಹಾಗೆ ಹೇಳಿದರು:

"ಇನ್ನೊಂದ್ಸಲ ಅವಕಾಶ ಸಿಕ್ಕಿದ್ರೆ, ನನ್ನ ಬಿಟ್ಟು, ಬೇರೆ ಯಾರನ್ನಾದ್ರೂ ಮದುವೆ ಆಗ್ತಿದ್ರಾ."

ಒಂದಕ್ಷರ ತಪ್ಪಿಲ್ಲ. ಮೇಡಂ ಗುರುತು ಹಾಕಿದರು. ಅಕ್ಕ ಕಾಯುತ್ತಿದ್ದಳು. ಭಾವನೂ ಮುಂದಿನ ವಾಕ್ಯಕ್ಕೆ ಕಾಯುತ್ತಿರುವವರಂತೆ ಸುಮ್ಮನಿದ್ದರು. ಉತ್ತರ ಕೊಡಬಾರದು ಎಂದು ಹೇಳಿದವರು ಮೇಡಮ್ಮೇ ಅಲ್ಲವೇ! ನಾನು ಎದ್ದು ಭಾವನ ಭುಜ ಹಿಡಿದು ಅಲ್ಲಾಡಿಸುವವಳಿದ್ದೆ, ಅಷ್ಟರಲ್ಲಿ ಅವರು ಮಾತಾಡಿದರು.

"ಇದನ್ನೇನಾ ಆವತ್ತು ಕೇಳಿದ್ದು? ಅಂಗಿಗೆ ಗುಂಡಿ ಹಾಕ್ತಾ?"

ಭಾವ ತಿರುಗಲಿಲ್ಲ; ತಿರುಗಬಾರದು ಎಂಬ ನಿಯಮ ಪಾಲಿಸುತ್ತಿದ್ದರೋ, ತಿರುಗಲು ಧೈರ್ಯವಿರಲಿಲ್ಲವೋ.

"ಆವತ್ತು ನೀನು ಕೇಳಿದ್ದೇನು ಅಂತ ಗೊತ್ತಾಗಲಿಲ್ಲ. ಹೂಂ ಅಂದೆ. ನಿನ್ನ ಮುಖ ಸಪ್ಪಗಾಯ್ತು. ಏನೋ ಎಡವಟ್ಟಾಯ್ತು ಅಂತ ಗೊತ್ತಾಯ್ತು. ಏನು ಅಂತ ಕೇಳಿದ್ರೆ ಕಿವುಡ ಅಂತ ಗೊತ್ತಾಗುತ್ತಲ್ಲ, ಅದಕ್ಕೆ ಕೇಳಲಿಲ್ಲ. ನೀನೇ ಇನ್ನೊಂದ್ಸಲ ಹೇಳ್ತೀಯ ಅಂತ ಕಾದೆ. ನೀನು ಹೇಳಲಿಲ್ಲ. ಜಗಳ ಆಡೋದೂ ಬಿಟ್ಟೆ. ಇವಳಿಗೆ ನನ್ನ ಸಹವಾಸವೇ ಬೇಡವಾಯ್ತು, ಯಾಕಾದ್ರೂ ಇವನನ್ನ ಕಟ್ಕೊಂಡೆ ಅನ್ನಿಸಿರಬೇಕು ಅಂದ್ಕೊಂಡೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ತಾನು ಬೇಡವಾದವಳು ಎಂದು ಇವಳು, ತಾನು ಬೇಡವಾದವನು ಎಂದು ಅವರು, ಒಬ್ಬರ ಎದುರಿಗೆ ಒಬ್ಬರು ಊಟಕ್ಕೆ ಕೂತು, ದನಿ ಏರಿಸದೆ ಬಾಳಿದ್ದರು. ನಾವೆಲ್ಲ ಅದನ್ನು ನೋಡಿ ಮೆಚ್ಚಿಕೊಂಡಿದ್ದೆವು. ನನಗೆ ಅಳು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟೂ ಬಂತು.

ಮೇಡಂ ಮೆಲ್ಲಗೆ, "ಅಮ್ಮ, ಇನ್ನೊಂದು ವಾಕ್ಯ ಬಾಕಿ ಇದೆ" ಎಂದರು. ಕೆಲಸ ಮುಗಿಸಬೇಕಾದವರ ಕಷ್ಟ ಅವರಿಗೇ ಗೊತ್ತು.

ಅಕ್ಕ ಹಾಳೆಯನ್ನು ನೋಡದೆ, ಮೂಗು ಒರೆಸಿಕೊಂಡು, ತನ್ನ ಹಳೆಯ ಗಟ್ಟಿ ದನಿಯಲ್ಲಿ ಹತ್ತನೆಯದನ್ನು ಹೇಳಿದಳು:

"ನನಗೆ ಯಾವತ್ತೂ ಹಾಗನ್ನಿಸಿಲ್ಲ."

ಭಾವ ನಿಯಮ ಮುರಿದರು. ಕುರ್ಚಿಯ ಸಮೇತ ತಿರುಗಿ, ಅವಳ ಮುಖ ನೋಡಿಕೊಂಡು, "ನನಗೆ ಯಾವತ್ತೂ ಹಾಗನ್ನಿಸಿಲ್ಲ" ಎಂದರು.

ಮೇಡಂ ಗುರುತು ಹಾಕಲು ಪೆನ್ನು ಎತ್ತಿದರು.

"ಅದನ್ನ ಪರೀಕ್ಷೆಗೆ ಹಿಡೀಬೇಡಿ ಮೇಡಂ" ಎಂದರು ಭಾವ. "ಅವಳು ಹೇಳಿದ್ದನ್ನ ತಿರುಗಿ ಹೇಳಿದ್ದಲ್ಲ ಅದು. ನಾನೇ ಹೇಳಿದ್ದು."

ಮೇಡಂ ಪೆನ್ನು ಕೆಳಗಿಟ್ಟರು. ಭಾವನ ರಿಪೋರ್ಟಿನಲ್ಲಿ ಇವತ್ತಿಗೂ ಹತ್ತಕ್ಕೆ ಒಂಬತ್ತು ಎಂದೇ ಇದೆ.